ಕಣಗಿಲೆ ಕಾಯಿಯ ಪೊಟ್ಟಣ

ಆ ಗುರುವಾರ ಮಧ್ಯಾಹ್ನ ನನ್ನ ಹೆಂಡತಿ ಎರಡೂ ಕೈಗೆ ಖಾಲಿ ಹಾಲಿನ ಕವರು ತೊಟ್ಟುಕೊಂಡು ಹಿತ್ತಲಿನ ಕಣಗಿಲೆ ಗಿಡದ ಮುಂದೆ ನಿಂತಿದ್ದಳು. ಕವರು ಜಾರದ ಹಾಗೆ ಮಣಿಕಟ್ಟಿಗೆ ರಬ್ಬರ್ ಬ್ಯಾಂಡು. ಕಣಗಿಲೆಯ ಹಾಲು ಅಂಟಿದರೆ ಕೈ ತುರಿಸುತ್ತದೆ, ಅದೇ ಕೈಯಲ್ಲಿ ಕಣ್ಣುಜ್ಜಿಕೊಂಡರೆ ಇನ್ನೂ ಕಷ್ಟ. ಕೈಗವಸು ತಂದುಕೊಡುತ್ತೇನೆ ಎಂದು ನಾನು ಎಷ್ಟು ಸಲ ಹೇಳಿದರೂ ಅವಳು ಒಪ್ಪಿರಲಿಲ್ಲ. ದಿನಾ ಬೆಳಿಗ್ಗೆ ಪುಕ್ಕಟೆ ಕೈಗವಸು ಮನೆ ಬಾಗಿಲಿಗೇ ಬರುತ್ತಿರುವಾಗ ಬೇರೆ ಯಾಕೆ ಎನ್ನುತ್ತಿದ್ದಳು.

ನಾನು ಹಿಂಬಾಗಿಲ ಮೆಟ್ಟಿಲ ಮೇಲೆ ಹಳೆಯ ಪೇಪರುಗಳನ್ನು ಹರಡಿಕೊಂಡು ಕುಳಿತಿದ್ದೆ.

"ಯಜಮಾನ್ರಂಗೆ ಕುಂತ್ಕಂಡ್ ಪೇಪರ್ ಓದ್ತಾ ಇದೀರಲ್ಲ, ಎದ್ದು ಬಂದು ಈ ಕೊಂಬೆ ಇಡ್ಕೊಳಿ."

"ಓದ್ತಾ ಇಲ್ಲ. ನಿನ್ನ ಕಾಯಿ ಕಟ್ಟಕ್ಕೆ ಹಾಳೆ ಆರಿಸ್ತಾ ಇದೀನಿ."

"ಅದ್ರಲ್ಲೂ ಆರ್ಸಾಟವಾ! ಸತ್ತೋರ ಪೋಟೋ ಇರೋ ಹಾಳೆ ಒಂದು ಬ್ಯಾಡ. ಮಿಕ್ಕಿದ್ದು ಯಾವ್ದಾದ್ರೂ ಆಯ್ತದೆ."

ನಾನು ಎದ್ದು ಹೋಗಿ ಕೊಂಬೆಯನ್ನು ಬಗ್ಗಿಸಿ ಹಿಡಿದೆ. ಅವಳು ಹಳೆಯ ಕತ್ತರಿಯಲ್ಲಿ ಕಾಯಿಗಳನ್ನು ಕತ್ತರಿಸಿ ಹಾಳೆಯ ಮೇಲೆ ಹಾಕುತ್ತಾ ಹೋದಳು. ಹೂವು ಉದುರಿದ ಮೇಲೆ ಕಣಗಿಲೆ ಹುರುಳಿಕಾಯಿಯಂಥ ಉದ್ದನೆಯ ಕಾಯಿ ಬಿಡುತ್ತದೆ. ಹಾಗೇ ಬಿಟ್ಟರೆ ಅದು ಒಣಗಿ ಬಿರಿದು, ಬೀಜವೆಲ್ಲ ಹತ್ತಿಯ ಹಾಗೆ ಗಾಳಿಗೆ ಹಾರುತ್ತದೆ. ಗಿಡದ ಶಕ್ತಿಯೆಲ್ಲ ಕಾಯಿಗೆ ಹೋಗಿ ಹೂವು ಕಡಿಮೆಯಾಗುತ್ತದೆ. ಅದಕ್ಕೇ ಆಗಾಗ ಈ ಕೆಲಸ. ಕತ್ತರಿಸಿದ್ದನ್ನು ಹಾಗೆ ಕಸಕ್ಕೆ ಎಸೆಯುವಂತಿಲ್ಲ. ಕಣಗಿಲೆಯಲ್ಲಿ ಬೇರಿನಿಂದ ಹೂವಿನವರೆಗೆ ಎಲ್ಲವೂ ವಿಷ, ಸುಟ್ಟರೆ ಹೊಗೆಯೂ ಒಳ್ಳೆಯದಲ್ಲ. ಹಸಿ ಎಲೆಯನ್ನು ದನ ಮೂಸಿ ನೋಡಿ ಬಿಟ್ಟುಬಿಡುತ್ತದೆ. ಒಣಗಿದ ಮೇಲೆ ಗೊತ್ತಾಗದೆ ಕಸದ ಜೊತೆ ತಿಂದುಬಿಡುತ್ತದೆ. ನಮ್ಮ ಬೀದಿಯ ಮೂಲೆಯ ಕಸದ ತೊಟ್ಟಿಯ ಹತ್ತಿರ ಯಾವಾಗಲೂ ಒಂದೆರಡು ಹಸು ನಿಂತಿರುತ್ತವೆ.

ಆದ್ದರಿಂದ ಪೊಟ್ಟಣ. ಹಾಳೆಯನ್ನು ನಾಲ್ಕು ಕಡೆಯಿಂದ ಮಡಚಿ, ಹೂ ಕಟ್ಟುವ ಬಾಳೆನಾರನ್ನು ನೀರಿನಲ್ಲಿ ನೆನೆಸಿ, ಅದರಲ್ಲೇ ಬಿಗಿಯುತ್ತಿದ್ದಳು. ಗಂಟು ಹಾಕುವಾಗ ಹೆಬ್ಬೆರಳಿನ ಕೆಳಗೆ ಏನೋ ಒಂದು ತಿರುವು ಕೊಡುತ್ತಿದ್ದಳು. ನಾರಿನ ಒಂದು ತುದಿ ಕರುವಿನ ಕಿವಿಯ ಹಾಗೆ ಹೊರಗೆ ನಿಲ್ಲುತ್ತಿತ್ತು. ಈ ತಮಿಳು ಸೀಮೆಗೆ ಬಂದು ಅಂಬತ್ತೂರಿನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ಸರ್ವಿಸ್ ಪೂರಾ ನಟ್ಟು ಬೋಲ್ಟು ಬಿಗಿದವನು ನಾನು. ಆ ತಿರುವನ್ನು ಮಾತ್ರ ಒಂದು ದಿನವೂ ಗಮನವಿಟ್ಟು ನೋಡಿರಲಿಲ್ಲ.

ಕೊನೆಗೆ ನನ್ನ ಕೆಲಸ. ದಪ್ಪ ಪೆನ್ನಿನಲ್ಲಿ ಪೊಟ್ಟಣದ ಮೇಲೆ ತಮಿಳಿನಲ್ಲಿ 'ವಿಷಂ' ಎಂದು ಬರೆಯುವುದು. ಕಸದವರು ಬಿಚ್ಚಬಾರದಲ್ಲ. ಅವಳಿಗೆ ತಮಿಳು ಮಾತು ಸಲೀಸು, ಅಕ್ಷರ ಬರುತ್ತಿರಲಿಲ್ಲ. ನಾನು ಬರೆದದ್ದನ್ನು ಅವಳು ದೂರ ಹಿಡಿದು ನೋಡಿದಳು.

"ಏನ್ ಅಕ್ಸರಾರೀ ನಿಮ್ದು. ವಿಷ ಅಂತ ಬರುದ್ರೂ ಲಗ್ನಪತ್ರಿಕೆ ಇದ್ದಂಗದೆ."

"ಹಾಗಾದ್ರೆ ಕಸದವರು ಅಕ್ಷತೆ ಹಾಕಿ ತಗೊಂಡು ಹೋಗ್ಲಿ."

ಅಷ್ಟರಲ್ಲಿ ವಿಮಾನ ಬಂತು. ವಿಮಾನ ನಿಲ್ದಾಣದ ಪಕ್ಕದ ಪಲ್ಲಾವರಂನಲ್ಲಿ ನಮ್ಮ ಬೀದಿಯ ನೆತ್ತಿಯ ಮೇಲೇ ವಿಮಾನಗಳು ಇಳಿಯುತ್ತವೆ. ಅದು ಹೋಗುವವರೆಗೆ ಮಾತು ನಿಲ್ಲಿಸುವುದು, ಹೋದ ಮೇಲೆ ಬಿಟ್ಟಲ್ಲಿಂದ ಮುಂದುವರಿಸುವುದು ಇಲ್ಲಿ ಎಲ್ಲರಿಗೂ ಅಭ್ಯಾಸ. ವಿಮಾನ ಹೋಯಿತು. ಅವಳು ನಗುವುದನ್ನು ಬಿಟ್ಟಲ್ಲಿಂದ ಮುಂದುವರಿಸಿದಳು.

ಕಸದ ಗಾಡಿ ಆಗಲೇ ಬಂದು ಹೋಗಿದ್ದರಿಂದ ಪೊಟ್ಟಣವನ್ನು ಒಗೆಯುವ ಕಲ್ಲಿನ ಪಕ್ಕದ ಗೂಡಿನಲ್ಲಿಟ್ಟಳು, ನಾಳೆ ಕೊಟ್ಟರಾಯಿತು ಎಂದು. ಮಾರನೆಯ ದಿನ ಶುಕ್ರವಾರ. ಎದುರು ಮನೆಯಾಕೆ ಅಮ್ಮನವರ ಗುಡಿಗೆ ಹಾಕುವ ಹಾರಕ್ಕೆಂದು ಸಂಜೆ ನನ್ನ ಹೆಂಡತಿಯೇ ಹೂವು ಬಿಡಿಸಿ ಕಟ್ಟಿಕೊಟ್ಟಳು. ನಮ್ಮ ದೇವರಿಗೂ ಒಂದು ಗೇಣು ಹಾಕಿದಳು. ಊಟಕ್ಕೆ ಉಪ್ಪೆಸರು ಮಾಡಿದ್ದಳು. ವಿಶೇಷವೇನೂ ನಡೆಯಲಿಲ್ಲ.

ಬೆಳಿಗ್ಗೆ ನಲ್ಲಿಯ ಹತ್ತಿರ ಪಾತ್ರೆಗೆ ಕುಳಿತವಳು ಏಳಲಿಲ್ಲ. ಆಸ್ಪತ್ರೆಗೆ ಹೋಗುವಷ್ಟರಲ್ಲಿ ಮುಗಿದಿತ್ತು. ಹೃದಯ ಎಂದರು ಡಾಕ್ಟರು. ಅದಕ್ಕಿಂತ ಹೆಚ್ಚು ಅವರು ಹೇಳಲಿಲ್ಲ, ನಾವೂ ಕೇಳಲಿಲ್ಲ.

ಮನೆಗೆ ತಂದಾಗ ಜನ ಸೇರಿದ್ದರು. ಹಿತ್ತಲು ತೊಳೆಯಲು ಯಾರೋ ಅಲ್ಲಿದ್ದದ್ದನ್ನೆಲ್ಲ ಎತ್ತಿ ಒಂದು ಕಡೆ ಹಾಕುತ್ತಿದ್ದರು. ಬೀದಿಯ ತುದಿಯಲ್ಲಿ ಕಸದ ಗಾಡಿಯ ಹಾಡು ಕೇಳಿತು. ನಾನು ಹೋಗಿ ಆ ಪೊಟ್ಟಣವನ್ನು ಎತ್ತಿಕೊಂಡು ಬಂದು ಬೀರುವಿನಲ್ಲಿ ನನ್ನ ಅಂಗಿಗಳ ಕೆಳಗೆ ಇಟ್ಟೆ. ಒಳಗೆ ಏನಿದೆ ಎನ್ನುವುದು ನನ್ನ ತಲೆಯಲ್ಲಿರಲಿಲ್ಲ. ದೇವರಿಗೆ ಹಾಕಿದ್ದ ಹೂವು ಆಗಲೇ ಬಾಡಿತ್ತು. ಅವಳ ಬೆರಳು ಕಟ್ಟಿದ್ದರಲ್ಲಿ ಬಾಡದೆ ಉಳಿಯುವುದು ಈ ಗಂಟೊಂದೇ ಎಂದು ಅನ್ನಿಸಿತು, ಅಷ್ಟೆ.

ಹನ್ನೊಂದನೆಯ ದಿನದ ಕಾರ್ಯ ಮುಗಿದು ಎಲ್ಲರೂ ಹೊರಟರು. ಮಳವಳ್ಳಿ ಕಡೆಯಿಂದ ಬಂದಿದ್ದ ನನ್ನ ಅಕ್ಕ ಮಾತ್ರ ಉಳಿದಳು. ಅವಳು ನನಗಿಂತ ಹತ್ತು ವರ್ಷಕ್ಕೆ ದೊಡ್ಡವಳು. ಗಂಡ ತೀರಿಕೊಂಡು ಬಹಳ ಕಾಲವಾಗಿದೆ. ನಮ್ಮವ್ವ ಕೆಲಸಕ್ಕೆ ಹೋಗುವಾಗ ನನ್ನನ್ನು ಸೊಂಟದಲ್ಲಿ ಹೊತ್ತು ತಿರುಗಿದವಳು. ಅರವತ್ತು ದಾಟಿದರೂ ಅವಳ ಲೆಕ್ಕದಲ್ಲಿ ನಾನು ಸೊಂಟದಿಂದ ಇಳಿದಿಲ್ಲ.

"ನಾನ್ ಇರ್ತೀನಿ ಬುಡು. ಒಬ್ನೇ ಏನ್ ತಿಂತೀಯ, ಬರೀ ಕಾಪಿ ಕುಡ್ಕಂಡ್ ಬಿದ್ದಿರ್ತೀಯ" ಎಂದಳು. ನನಗೂ ಸಮಾಧಾನವಾಯಿತು.

ಅಕ್ಕನಿಗೆ ತಮಿಳು ಒಂದಕ್ಷರ ಬಾರದು. ಆದರೂ ಮಧ್ಯಾಹ್ನವೆಲ್ಲ ತಮಿಳು ಸೀರಿಯಲ್ ನೋಡುತ್ತಿದ್ದಳು. ಅಳುವುದಕ್ಕೆ ಭಾಷೆ ಯಾಕ್ಲಾ ಬೇಕು ಎನ್ನುತ್ತಿದ್ದಳು. ಒಂದು ದಿನ ಅದರಲ್ಲಿ ಒಬ್ಬಳು ಸೊಸೆ ಕಣಗಿಲೆ ಗಿಡದ ಮುಂದೆ ನಿಂತು ಕಣ್ಣೀರು ಹಾಕುತ್ತಾ ಅದನ್ನೇ ದಿಟ್ಟಿಸುತ್ತಿದ್ದಳು, ಹಿಂದೆ ಜೋರಾಗಿ ಸಂಗೀತ. ಅಕ್ಕ ಟೀವಿಯಿಂದ ತಲೆ ತಿರುಗಿಸಿ, ತೆರೆದ ಹಿಂಬಾಗಿಲಿನ ಆಚೆ ಇರುವ ನಮ್ಮ ಗಿಡವನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

ಈ ಊರಿನಲ್ಲಿ ಕಣಗಿಲೆಗೆ ಅರಳಿ ಎನ್ನುತ್ತಾರೆ. ನಮ್ಮ ಕಡೆಯ ಅರಳಿಮರವಲ್ಲ, ಇದೇ ಗಿಡ. ಪೇಪರಿನಲ್ಲಿ ಅದರ ಹೆಸರು ಬರುವುದು ಹೆಚ್ಚಾಗಿ ಒಂದೇ ತರಹದ ಸುದ್ದಿಯಲ್ಲಿ, ತಾವಾಗಿ ಜೀವ ಕಳೆದುಕೊಂಡವರ ಸುದ್ದಿಯಲ್ಲಿ. ಇಲ್ಲಿ ಇದ್ದವರಿಗೆಲ್ಲ ಅದು ಗೊತ್ತು. ನನ್ನ ಹೆಂಡತಿಗೂ ಗೊತ್ತಿತ್ತು. ಆದರೂ ನೆಟ್ಟಳು, ಯಾಕೆಂದರೆ ಬೇರೆ ಏನೂ ಬದುಕಲಿಲ್ಲ. ನಮ್ಮ ಬೋರಿನ ನೀರು ಉಪ್ಪು. ದಾಸವಾಳ ಹೋಯಿತು, ಮಲ್ಲಿಗೆ ಹೋಯಿತು, ಕರಿಬೇವು ಎರಡು ಸಲ ಹೋಯಿತು. ಉಳಿದದ್ದನ್ನು ಪಕ್ಕದ ಬೀದಿಯ ಆಡುಗಳು ಮೇಯ್ದವು. ಮಗಳ ಮದುವೆಯಾಗಿ ಅವಳು ಅಂಬತ್ತೂರಿನ ಫ್ಲ್ಯಾಟಿಗೆ ಹೋದ ವರ್ಷ ನಾವಿಬ್ಬರೂ ಬಸ್ಸಿನಲ್ಲಿ ಬರುತ್ತಿದ್ದೆವು. ಟ್ರಾಫಿಕ್ಕಿನಲ್ಲಿ ಬಸ್ಸು ರಸ್ತೆ ನಡುವಿನ ಕಟ್ಟೆಯ ಪಕ್ಕ ನಿಂತಿತು. ಆ ಹೊಗೆ, ಆ ಬಿಸಿಲು, ಅದರ ಮಧ್ಯೆ ಕಣಗಿಲೆ ಸಾಲು ಗುಲಾಬಿ ಹೂವು ಬಿಟ್ಟುಕೊಂಡು ನಿಂತಿತ್ತು. ಅವಳು ಕಿಟಕಿಯಿಂದ ಕೈ ಹಾಕಿ ಒಂದು ಕೊಂಬೆ ಮುರಿದುಕೊಂಡಳು. ಕಂಡಕ್ಟರ್ ಬೈದ. "ಸರ್ಕಾರ ನೀರು ಹಾಕದೇ ಬೆಳೆದದ್ದು, ನಿಮ್ಮ ಗಂಟೇನು ಹೋಯಿತು" ಎಂದು ಅವನ ಭಾಷೆಯಲ್ಲೇ ಉತ್ತರ ಕೊಟ್ಟಳು. ಉಪ್ಪಿನಕಾಯಿಯ ಹಳೆ ಬಾಟಲಿಯಲ್ಲಿ ನೀರು ಹಾಕಿ ಅಡುಗೆಮನೆ ಕಿಟಕಿಯಲ್ಲಿಟ್ಟಳು. ಬೇರು ಬಂತು. ಅಲ್ಲಿಂದ ಮುಂದೆ ಆ ಗಿಡ ಯಾವುದಕ್ಕೂ ಜಗ್ಗಲಿಲ್ಲ. ಒಂದು ದಿನವೂ ಎಲೆ ಉದುರಿ ಬೋಳಾಗಲಿಲ್ಲ. ಪ್ರವಾಹ ಬಂದಾಗ ಸೊಂಟದವರೆಗೆ ನೀರಿನಲ್ಲಿ ನಿಂತು, ನೀರಿಳಿದ ಮೇಲೆ ಮೊಗ್ಗು ಬಿಟ್ಟಿತು.

ಸೀರಿಯಲ್ಲಿನ ಆ ಮಧ್ಯಾಹ್ನದಿಂದ ಅಕ್ಕ ನನ್ನ ಹಿಂದೆಯೇ ಇರತೊಡಗಿದಳು. ನಾನು ಚೊಂಬು ಹಿಡಿದು ಹಿತ್ತಲಿಗೆ ಹೊರಟರೆ ಬೆನ್ನ ಹಿಂದೆ ಅವಳ ಚಪ್ಪಲಿ ಸದ್ದು.

"ಎಲ್ಲಿಗ್ಲಾ?"

"ಗಿಡಕ್ಕೆ ನೀರು ಹಾಕೋಣ ಅಂತ."

"ಅದು ಕೇಳ್ತಾ? ರೋಡ್‌ನಾಗೆ ನಿಂತಿರೋ ಗಿಡುಕ್ಕೆ ಯಾವನ್ಲಾ ನೀರ್ ಉಯ್ತಾನೆ?"

ಅವಳು ಹೇಳಿದ್ದು ಸರಿಯೇ. ಆ ಗಿಡಕ್ಕೆ ನೀರು ಬೇಕಾಗಿರಲಿಲ್ಲ. ನನಗೆ ಅಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕಾಗಿತ್ತು. ಅದನ್ನು ಹೇಳಿದರೆ ಇನ್ನೂ ಕೆಟ್ಟದಾಗಿ ಕೇಳಿಸುತ್ತಿತ್ತು.

ಹಾಗೆ ಎಲ್ಲವೂ ಕೆಟ್ಟದಾಗಿ ಕಾಣತೊಡಗಿತು. ಸುಮ್ಮನೆ ಕುಳಿತರೆ ಏನೋ ಯೋಚನೆ ಮಾಡುತ್ತಿದ್ದಾನೆ ಎಂದು. ಟೀವಿ ನೋಡಿ ನಕ್ಕರೆ ನಗು ಸರಿಯಿಲ್ಲ ಎಂದು. ನಾನು ಮೊದಲಿನಿಂದಲೂ ಮಾತು ಕಡಿಮೆಯವನು. ನನ್ನ ಬದಲು ಮಾತಾಡುವವಳು ಇದ್ದಳು. ಅವಳಿಲ್ಲದೆ ನನ್ನ ಮೌನ ಬೇರೆ ಏನೋ ಆಗಿ ಎಲ್ಲರಿಗೂ ಕೇಳಿಸುತ್ತಿತ್ತು. ನನಗೆ ಆ ಯೋಚನೆ ಇರಲಿಲ್ಲ. ಇರಲಿಲ್ಲ ಎಂದು ಹೇಳಲು ಯಾರಾದರೂ ಕೇಳಬೇಕಲ್ಲ. ಯಾರೂ ಕೇಳಲಿಲ್ಲ. ಅಕ್ಕ ತನ್ನ ಮಂಚವನ್ನು ಹಿಂಬಾಗಿಲಿಗೆ ಅಡ್ಡವಾಗಿ ಎಳೆದು ಹಾಕಿಕೊಂಡಳು. ಗಾಳಿ ಚೆನ್ನಾಗಿ ಬರುತ್ತದೆ ಎಂದಳು. ಆ ಬಾಗಿಲು ಮುಚ್ಚಿತ್ತು.

ಗಿಡವೂ ಒಂಟಿಯಾಯಿತು. ಎದುರು ಮನೆಯಾಕೆ ಹೂವಿಗೆ ಬರುವುದನ್ನು ನಿಲ್ಲಿಸಿದಳು. ನಾನೇ ಗೇಟಿನಲ್ಲಿ ಕೇಳಿದೆ. "ಒರು ವರುಷಂ ಪೋಗಟ್ಟುಂ ಅಣ್ಣಾ" ಎಂದಳು. ಸಾವಾದ ಮನೆ, ವರ್ಷ ಕಳೆಯದೆ ಗುಡಿಗೆ ಆ ಹೂವು ಹಾಕುವುದಿಲ್ಲವಂತೆ. ಹೇಳುವಾಗ ಅವಳ ಕಣ್ಣಲ್ಲಿ ನೀರಿತ್ತು. ಬಿಡಿಸುವವರಿಲ್ಲದೆ ಹೂವು ಗಿಡದ ಮೇಲೇ ಕಂದಿ ಕೆಳಗೆ ಬೀಳುತ್ತಿತ್ತು. ಬೇಸಿಗೆ ಹೊತ್ತಿಗೆ ಕೊಂಬೆ ತುಂಬ ಕಾಯಿ.

ಅವು ಬಿರಿಯುವ ಮೊದಲೇ ಕತ್ತರಿಸಬೇಕು. ಅದೊಂದು ಯೋಚನೆ ನನ್ನನ್ನು ಬಿಡಲಿಲ್ಲ. ಹಾಲಿನ ಕವರುಗಳನ್ನು ತೊಳೆದು ಕಿಟಕಿಯಲ್ಲಿ ಒಣಗಿಸಿ ಇಟ್ಟುಕೊಂಡೆ. ಒಂದು ಮಧ್ಯಾಹ್ನ ಅಕ್ಕ ಸೀರಿಯಲ್ ಮುಂದೆ ಕುಳಿತಲ್ಲೇ ತೂಕಡಿಸಿದಾಗ ಮಂಚವನ್ನು ಮೆಲ್ಲಗೆ ಸರಿಸಿ ಹಿತ್ತಲಿಗೆ ಹೋದೆ. ಕವರು ತೊಟ್ಟೆ, ರಬ್ಬರ್ ಬ್ಯಾಂಡ್ ಹಾಕಿಕೊಂಡೆ. ನನ್ನ ಕೈ ದೊಡ್ಡದು, ಕವರು ಹರಿಯಿತು. ಇನ್ನೊಂದು ತೊಟ್ಟೆ. ಕೊಂಬೆ ಬಗ್ಗಿಸಿ ಹಿಡಿಯುವವರಿರಲಿಲ್ಲವಾದ್ದರಿಂದ ಗಿಡದೊಳಗೇ ನುಗ್ಗಿ ನಿಂತು ಕತ್ತರಿಸತೊಡಗಿದೆ. ಬಹಳ ದಿನಗಳ ಮೇಲೆ ಕೈಗೆ ಒಂದು ಕೆಲಸ ಸಿಕ್ಕಿತ್ತು.

"ಅಯ್ಯೋ ಸಿವನೇ! ಏನ್ಲಾ ಮಾಡ್ತಾ ಇದೀಯ!"

ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಕೈಗೆ ಪ್ಲಾಸ್ಟಿಕ್ಕು ಕಟ್ಟಿಕೊಂಡು, ಗಿಡದ ಮರೆಯಲ್ಲಿ, ಕಾಯಿ ಕೂಡಿಹಾಕುತ್ತಿರುವ ತಮ್ಮ. ಅವಳಿಗೆ ಕಂಡದ್ದು ಅದು.

"ಕಾಯಿ ಕೀಳ್ತಾ ಇದೀನಿ ಅಕ್ಕಯ್ಯ. ಬಲಿತ್ರೆ ಹೂವು ಬರಲ್ಲ."

"ಊವ ಯಾರಿಗ್ಲಾ ಬೇಕು ಈಗ? ಯಾರ್ ಮುಡೀತಾರೆ? ಬಾ ಈಚಿಗೆ! ಕೈ ತೋರ್ಸು! ಬಾಯಿ ತೆಗಿ!"

ನಾನು ಬಾಯಿ ತೆರೆದು ತೋರಿಸಿದೆ. ಮೊಮ್ಮಕ್ಕಳಾಗುವ ವಯಸ್ಸಿನಲ್ಲಿ, ಹಾಡುಹಗಲಲ್ಲಿ, ಹಿತ್ತಲಿನಲ್ಲಿ ಬಾಯಿ ಆ ಎಂದು ತೆರೆದು ನಿಂತಿದ್ದೆ. ಅಕ್ಕ ಒಳಗೆ ಬೆರಳು ಹಾಕಿ ನೋಡಿದಳು. ನನಗೆ ನಗು ಬಂತು. ನಕ್ಕದ್ದು ದೊಡ್ಡ ತಪ್ಪಾಯಿತು. ಅಕ್ಕ ಗೋಳೋ ಎಂದು ಅಳುತ್ತಾ ನನ್ನ ಮಗಳಿಗೆ ಫೋನು ಮಾಡಿದಳು.

ಸಂಜೆಗೆ ಮಗಳು ಅಳಿಯ ಇಬ್ಬರೂ ಅಂಬತ್ತೂರಿನಿಂದ ಬಂದರು. ಅಳಿಯ ತಮಿಳಿನವನು, ನನ್ನನ್ನು ಮಾಮಾ ಎನ್ನುತ್ತಾನೆ, ಒಳ್ಳೆಯ ಹುಡುಗ. ಮಗಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ. ಮಾತು ಅರ್ಧ ಕನ್ನಡ, ಅರ್ಧ ತಮಿಳು. ಗಾಬರಿಯಾದರೆ ಪೂರ್ತಿ ತಮಿಳು. ಅವಳು ನನ್ನನ್ನು ಬೈಯಲಿಲ್ಲ. ಅಪ್ಪ ಕೆಲವು ದಿನ ನಮ್ಮ ಜೊತೆ ಇರಲಿ ಎಂದು ಬೀರು ತೆಗೆದು ನನ್ನ ಬಟ್ಟೆಗಳನ್ನು ಚೀಲಕ್ಕೆ ತುಂಬತೊಡಗಿದಳು. ನಾನು ತಡೆಯುವಷ್ಟರಲ್ಲಿ ಅಂಗಿಗಳ ಕೆಳಗಿನ ಪೊಟ್ಟಣ ಅವಳ ಕೈಯಲ್ಲಿತ್ತು.

ಮೇಲೆ ನನ್ನ ದಪ್ಪ ಅಕ್ಷರ. ಅವಳು ಓದಿದಳು. ಅಲ್ಲಾಡಿಸಿದಳು. ಒಣಗಿದ ಕಾಯಿ ಒಳಗೆ ಗಲಗಲ ಎಂದಿತು.

"ಅಪ್ಪಾ, ಇದು ಎನ್ನಾ?"

ನಾನು ಕೈ ಚಾಚಿದೆ. ಅವಳು ಕೊಡಲಿಲ್ಲ.

"ನಿಮ್ಮ ಹ್ಯಾಂಡ್‌ರೈಟಿಂಗ್ ತಾನೇ ಇದು? ಸೊಲ್ಲುಂಗಪ್ಪಾ, ಹೇಳಿ. ಎಷ್ಟು ದಿವಸದಿಂದ ಇಟ್ಕೊಂಡಿದೀರಿ?"

"ಅದು ನಾನು ಕಟ್ಟಿದ್ದಲ್ಲ ಮಗಳೇ. ಅದು ನಿಮ್ಮಮ್ಮ…"

ಆಗ ವಿಮಾನ ಬಂತು. ಎಲ್ಲರೂ ಅಭ್ಯಾಸದಂತೆ ನಿಲ್ಲಿಸಿದೆವು. ಮಗಳು ಈ ಬೀದಿಯಲ್ಲೇ ಬೆಳೆದವಳು, ಅವಳೂ ನಿಲ್ಲಿಸಿದಳು. ಕಿಟಕಿಯ ಗಾಜು ನಡುಗುತ್ತಿರುವಾಗ ನಾನು ಅವಳ ಮುಖ ನೋಡುತ್ತಿದ್ದೆ. ಅವಳ ಕಣ್ಣು ನನ್ನಿಂದ ಪೊಟ್ಟಣಕ್ಕೆ ಹೋಯಿತು, ಪೊಟ್ಟಣದಿಂದ ಗೋಡೆಯ ಮೇಲೆ ಹೊಸದಾಗಿ ಹಾಕಿದ್ದ ಅವಳ ಅಮ್ಮನ ಫೋಟೋಗೆ ಹೋಯಿತು. ಅಲ್ಲೇ ನಿಂತಿತು. ಏನು ಲೆಕ್ಕ ಹಾಕುತ್ತಿದ್ದಾಳೆ ಎಂದು ನನಗೆ ಅರ್ಥವಾಯಿತು. ಅಮ್ಮ ಕಟ್ಟಿಟ್ಟದ್ದು. ಅಮ್ಮ ಇದ್ದಕ್ಕಿದ್ದಂತೆ ಹೋದದ್ದು. ಹೃದಯ ಎಂದು ಒಂದೇ ಮಾತಿನಲ್ಲಿ ಹೇಳಿ ಕಳಿಸಿದ್ದು. ಪೊಟ್ಟಣವನ್ನು ಅಪ್ಪ ಯಾರಿಗೂ ತೋರಿಸದೆ ಇಟ್ಟದ್ದು.

ನಿಜವನ್ನು ಹೇಳಿದರೆ ನಾನು ಬಿಡುಗಡೆಯಾಗುತ್ತೇನೆ, ನನ್ನ ಹೆಂಡತಿ ಸಿಕ್ಕಿಕೊಳ್ಳುತ್ತಾಳೆ. ಹಸುಗಳು, ಕಸದ ಗಾಡಿ, ಬಾಳೆನಾರು ಎಲ್ಲವನ್ನೂ ನಾನು ಬಿಡಿಸಿ ಹೇಳಬಹುದಿತ್ತು. ಮಗಳು ನಂಬುತ್ತಿದ್ದಳೋ ಏನೋ. ಆದರೆ ಒಮ್ಮೆ ಮನಸ್ಸಿಗೆ ಬಂದ ಆ ಯೋಚನೆ ಪೂರ್ತಿ ಹೋಗುತ್ತಿತ್ತೇ? ಅಮ್ಮನ ಫೋಟೋ ನೋಡಿದಾಗಲೆಲ್ಲ ಒಂದು ಮೂಲೆಯಲ್ಲಿ ಉಳಿಯುತ್ತಿತ್ತು. ಮಾತಿನಲ್ಲಿ ಯಾರನ್ನಾದರೂ ಒಪ್ಪಿಸುವುದು ನನಗೆ ಯಾವತ್ತೂ ಬಂದಿಲ್ಲ.

ವಿಮಾನ ಹೋಯಿತು.

"ಅಮ್ಮ ಏನು?" ಮಗಳ ದನಿ ಸಣ್ಣಗಾಗಿತ್ತು.

"ಅಮ್ಮನ ಗಿಡದ್ದು ಅಂದೆ. ಕಟ್ಟಿದ್ದು ನಾನೇ. ಮೊನ್ನೆ ಮೊನ್ನೆ."

ಅಕ್ಕ ಹಣೆ ಹಣೆ ಚಚ್ಚಿಕೊಂಡಳು. ಮಗಳು ಅಳಲಿಲ್ಲ. ಪೊಟ್ಟಣವನ್ನು ಎರಡು ಬೆರಳಿನಲ್ಲಿ ಹಿಡಿದು ಗಂಡನಿಗೆ ಕೊಟ್ಟಳು. ಅವನು ಅದನ್ನು ಇನ್ನೊಂದು ಕವರಿನೊಳಗೆ ಹಾಕಿ ಕಾರಿನ ಡಿಕ್ಕಿಯಲ್ಲಿಟ್ಟ. ಅದರ ಗಂಟನ್ನು ಒಂದು ಸಲ ಬಿಚ್ಚಿಯಾದರೂ ನೋಡಿದ್ದರೆ ಆ ತಿರುವು ಕಲಿಯಬಹುದಿತ್ತು ಎಂದು ನನಗೆ ಆಗ ಹೊಳೆಯಿತು. ಬಿಚ್ಚುವ ಮನಸ್ಸು ಇಲ್ಲದೆ ಇಟ್ಟುಕೊಂಡದ್ದು, ಈಗ ಬಿಚ್ಚದೆಯೇ ಹೋಯಿತು.

ಅಂಬತ್ತೂರಿನ ಫ್ಲ್ಯಾಟು ಐದನೆಯ ಮಹಡಿ. ಅಕ್ಕನೂ ಜೊತೆಗೆ ಬಂದಳು. ಬಾಲ್ಕನಿಗೆ ಪಾರಿವಾಳ ಬರದಿರಲಿ ಎಂದು ಬಲೆ ಕಟ್ಟಿದ್ದರು. ಹಗಲಿಡೀ ಮಗಳು, ಅಳಿಯ ಆಫೀಸಿನಲ್ಲಿ. ಅಕ್ಕನಿಗೆ ಲಿಫ್ಟು ಎಂದರೆ ಭಯ. "ಆ ಪೆಟ್ಟಿಗೇಲಿ ನಿಂತ್ಕಂಡ್ ಪಾತಾಳಕ್ಕೋಗು ಅಂತೀಯ? ನಾ ಒಲ್ಲೆ ಕಣಪ್ಪಾ" ಎಂದುಬಿಟ್ಟಳು. ಮೆಟ್ಟಿಲು ಇಳಿಯಲು ಅವಳ ಮೊಣಕಾಲು ಬಿಡದು. ನನ್ನನ್ನು ಒಬ್ಬನೇ ಬಿಡಬಾರದೆಂದು ಅವಳಿಗೆ ಮಗಳ ಆಜ್ಞೆ. ಹಾಗಾಗಿ ಅವಳು ಇಳಿಯದಿದ್ದರೆ ನಾನೂ ಇಳಿಯುವ ಹಾಗಿಲ್ಲ. ಇಬ್ಬರೂ ಬಲೆಯ ಹಿಂದೆ ಕುರ್ಚಿ ಹಾಕಿಕೊಂಡು ಕುಳಿತು ಕೆಳಗೆ ಹೋಗುವ ಬಸ್ಸುಗಳನ್ನು ನೋಡುತ್ತಿದ್ದೆವು. ನಾನು ಇಷ್ಟು ವರ್ಷ ಕೆಲಸ ಮಾಡಿದ ಕಾರ್ಖಾನೆಯ ಕಡೆಗೇ ಆ ಬಸ್ಸುಗಳು ತಿರುಗುತ್ತಿದ್ದವು.

"ಪಾರಿವಾಳ ಆಚೆ ಅವೆ, ನಾವ್ ಒಳಗಿದೀವಿ. ಯಾರಿಗ್ಲಾ ಬಲೆ ಕಟ್ಟವ್ರೆ?" ಎಂದಳು ಅಕ್ಕ ಒಂದು ದಿನ. ನಾನು ನಕ್ಕೆ. ಈ ಸಲ ಅವಳೂ ನಕ್ಕಳು.

ಅಲ್ಲಿದ್ದಾಗಲೇ ಮನೆಯ ಗಿಡ ಕಡಿಸಿದರು. ಅಳಿಯ ಇಬ್ಬರನ್ನು ಕರೆದುಕೊಂಡು ಹೋಗಿ ಬುಡದವರೆಗೆ ಕಡಿಸಿ, ಕೊಂಬೆಗಳನ್ನೆಲ್ಲ ಗಾಡಿಗೆ ತುಂಬಿಸಿ ಕಳಿಸಿದ. ಸುಡಬೇಡಿ ಎನ್ನು, ಹೊಗೆ ಕೆಟ್ಟದ್ದು ಎಂದು ನಾನು ಫೋನಿನಲ್ಲಿ ಹೇಳಿದೆ. "ಸರಿ ಮಾಮಾ" ಎಂದ. ಅದೇ ದಿನ ಅವನು ನನ್ನ ಮಲಗುವ ಕೋಣೆಯ ಮತ್ತು ಬಚ್ಚಲಿನ ಬಾಗಿಲುಗಳ ಒಳಗಿನ ಚಿಲಕಗಳನ್ನೂ ಬಿಚ್ಚಿದ. ಅದನ್ನು ಫೋನಿನಲ್ಲಿ ಹೇಳಲಿಲ್ಲ. ನಾನೂ ಅಕ್ಕನೂ ಪಲ್ಲಾವರಂಗೆ ವಾಪಸ್ ಬಂದ ದಿನ, ಬಚ್ಚಲಿಗೆ ಹೋಗಿ ಬಾಗಿಲು ಹಾಕಿ ಕೈ ಮೇಲೆತ್ತಿದಾಗ ಗೊತ್ತಾಯಿತು. ಕೈಗೆ ಖಾಲಿ ಮರ ಸಿಕ್ಕಿತು. ಆ ಚಿಲಕಗಳನ್ನು ನಾನೇ ಹಾಕಿದ್ದೆ, ಹಿತ್ತಾಳೆಯವು. ಮನೆಗೆ ಬಂದ ಹೊಸದರಲ್ಲಿ ಹೆಂಡತಿ ಪಲ್ಲಾವರಂ ಶುಕ್ರವಾರದ ಸಂತೆಯಲ್ಲಿ ಹಳೆ ಸಾಮಾನಿನ ರಾಶಿಯಿಂದ ಆರಿಸಿ ತಂದವು. ಜಾಗ ಗುರುತು ಮಾಡಲು ಅವಳು ಬಾಗಿಲು ಹಿಡಿದು ನಿಂತಿದ್ದಳು.

ಬಾಗಿಲಿಗೆ ಬಕೆಟ್ಟು ಒತ್ತಿಟ್ಟು ಸ್ನಾನ ಮಾಡುವುದನ್ನು ಕಲಿತೆ. ಒಳಗೆ ಸ್ವಲ್ಪ ತಡವಾದರೆ ಹೊರಗಿನಿಂದ ಅಕ್ಕ "ಲೋ" ಎನ್ನುತ್ತಾಳೆ. ನಾನು "ಹೂಂ" ಎನ್ನುತ್ತೇನೆ. ಮಗಳು ದಿನಾ ಸಂಜೆ ವೀಡಿಯೋ ಕಾಲ್ ಮಾಡಿ "ಸಾಪ್ಟೀಂಗಳಾಪ್ಪಾ?" ಎಂದು ಊಟದ ವಿಚಾರ ಕೇಳುತ್ತಾಳೆ. ಆಮೇಲೆ ಫೋನನ್ನು ಒಂದು ಸುತ್ತು ತಿರುಗಿಸಿ ಕೋಣೆ ತೋರಿಸಿ ಎನ್ನುತ್ತಾಳೆ. ತಿರುಗಿಸುತ್ತೇನೆ. ಕ್ಯಾಮರಾದಲ್ಲಿ ಅವಳ ಅಮ್ಮನ ಫೋಟೋ ಬಂದಾಗ ಮಗಳು ಸುಮ್ಮನೆ ಪ್ರೀತಿಯಿಂದ ನೋಡುತ್ತಾಳೆ. ಆ ನೋಟದಲ್ಲಿ ಬೇರೇನೂ ಇಲ್ಲ. ಅದನ್ನು ಪ್ರತಿ ಸಂಜೆ ಗಮನಿಸುತ್ತಿದ್ದೆ.

ಮಳೆ ಶುರುವಾದ ಮೇಲೆ ಕಡಿದ ಬುಡದ ಸುತ್ತ ಕೆಂಪು ಚಿಗುರು ಬಂತು. ಮೊದಲು ನೋಡಿದ್ದು ಅಕ್ಕ. ನಾನು ನೋಡಲಿಲ್ಲವೆಂದುಕೊಂಡು ಅದರ ಮೇಲೆ ಒಂದು ಮಂಕರಿ ಬೋರಲು ಹಾಕಿದಳು. ಚಿಗುರು ಮಂಕರಿಯ ಸಂದಿಗಳಿಂದ ಹೊರಗೆ ಬಂತು. ಕೊನೆಗೆ ಅವಳೇ ಮಂಕರಿ ತೆಗೆದಳು. "ಏನ್ ಜೀವಾನಪ್ಪಾ ಇದು. ಬಿತ್ತು ಅಂದ್ರೂ ಬೀಳಾಕಿಲ್ಲ ಅಂತದೆ."

ದೀಪಾವಳಿ ಕಳೆದು ಒಂದು ಭಾನುವಾರ ಮಗಳು ಬಂದಿದ್ದಾಗ ಎದುರು ಮನೆಯಾಕೆ ಮಾತಾಡಿಸಲು ಬಂದಳು. ಹಿಂಬಾಗಿಲಿನಿಂದ ಚಿಗುರು ಕಂಡು ಅವಳಿಗೆ ಖುಷಿಯಾಯಿತು. ತಮಿಳಿನಲ್ಲಿ ಮಗಳಿಗೆ ಹೇಳಿದಳು. ವರ್ಷದ ಕಾರ್ಯ ಮುಗಿಯುವ ಹೊತ್ತಿಗೆ ಹೂವು ಬಿಡುತ್ತದೆ, ಮತ್ತೆ ಅಮ್ಮನವರ ಗುಡಿಗೆ ನಿಮ್ಮ ಮನೆಯದೇ. ಆದರೆ ಕಾಯಿ ಬಿಟ್ಟರೆ ಪೊಟ್ಟಣ ಯಾರು ಕಟ್ಟುತ್ತಾರೆ?

"ಯಾವ ಪೊಟ್ಟಣ?" ಎಂದು ಮಗಳು ಕೇಳಿದಳು.

"ಗೊತ್ತಿಲ್ಲವಾ? ನಿಮ್ಮಮ್ಮ ಕಾಯೆಲ್ಲ ಕತ್ತರಿಸಿ ಪೇಪರಲ್ಲಿ ಕಟ್ಟಿ ಇಡುತ್ತಿದ್ದರಲ್ಲ, ಹಸು ತಿನ್ನದಿರಲಿ ಅಂತ. ಅಣ್ಣ ಮೇಲೆ ಬರೆದುಕೊಡುತ್ತಿದ್ದರು. ನಿಮ್ಮಮ್ಮ ಊರಲ್ಲಿಲ್ಲದಾಗ ನಾನೇ ಎಷ್ಟು ಸಲ ಗಾಡಿಯವರಿಗೆ ಕೊಟ್ಟಿಲ್ಲ! ಬಿಚ್ಚಿದರೆ ಕೈ ಮುರೀತೀನಿ ಅಂತ ಹೇಳು ಅನ್ನುತ್ತಿದ್ದರು."

ಎದುರು ಮನೆಯಾಕೆ ಹೋದ ಮೇಲೆ ಮಗಳು ಬಹಳ ಹೊತ್ತು ಮೆಟ್ಟಿಲ ಮೇಲೆ ಕುಳಿತಿದ್ದಳು. ನಾನೂ ಹೋಗಿ ಪಕ್ಕದಲ್ಲಿ ಕುಳಿತೆ.

"ಅಪ್ಪಾ, ಆವತ್ತು ಯಾಕೆ ಹೇಳ್ಲಿಲ್ಲ?"

"ಹೇಳಕ್ಕೆ ಹೊರಟೆ. ವಿಮಾನ ಬಂತಲ್ಲ. ಆಗ ನೀನು ಅಮ್ಮನ ಫೋಟೋ ನೋಡಿದೆ."

ಅವಳು ನೆನಪು ಮಾಡಿಕೊಂಡಳು. ನೆನಪಾದದ್ದು ಅವಳ ಮುಖದಲ್ಲಿ ಗೊತ್ತಾಯಿತು. ನನ್ನ ಕೈ ಹಿಡಿದುಕೊಂಡಳು. ಆ ಪೊಟ್ಟಣ ಏನು ಮಾಡಿದಿರಿ ಎಂದು ಕೇಳಬೇಕೆಂದು ನನಗೆ ಅನ್ನಿಸಿತು. ಕೇಳಲಿಲ್ಲ. ಅವಳೇ ಹೇಳಿದಳು.

"ಅಮ್ಮ ಕಟ್ಟಿದ್ದು ಅಂತ ಗೊತ್ತಿದ್ರೆ ಎಸೀತಿರ್ಲಿಲ್ಲಪ್ಪಾ."

"ಗೊತ್ತು" ಎಂದೆ.

ಮುಂದಿನ ವಾರ ಅಳಿಯ ಸ್ಕ್ರೂಡ್ರೈವರ್ ತಂದು ಕೋಣೆಯ ಚಿಲಕವನ್ನು ವಾಪಸ್ ಹಾಕಿದ. ಸ್ಕ್ರೂ ಓರೆ ಹೋಗುತ್ತಿತ್ತು, ನಾನು ಅವನ ಕೈಯಿಂದ ತೆಗೆದುಕೊಂಡು ನೇರ ಮಾಡಿದೆ. ಬಚ್ಚಲಿನದನ್ನು ಹಾಕಲು ಹೋದಾಗ ಮಗಳು ಬಾಗಿಲ ಹತ್ತಿರ ಬಂದು ನಿಂತಳು. ಖಾಲಿ ಸ್ಕ್ರೂ ತೂತುಗಳ ಮೇಲೆ ಬೆರಳಾಡಿಸಿದಳು. ಆಮೇಲೆ, "ಇದು ಇರಲಿಪ್ಪಾ, ಆಮೇಲೆ ಪಾತ್ಕಲಾಂ" ಎಂದಳು. ಆಮೇಲೆ ನೋಡೋಣ ಎಂದು. ಪೊಟ್ಟಣ ಯಾರದೆಂದು ಅವಳಿಗೆ ತಿಳಿಯಿತು. ಹೆದರಿಕೆ ಪೊಟ್ಟಣದ ಜೊತೆ ಹೋಗಿರಲಿಲ್ಲ. ನಾನು ಒತ್ತಾಯ ಮಾಡಲಿಲ್ಲ. ಅಳಿಯ ಚಿಲಕವನ್ನು ಕರವಸ್ತ್ರದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡ.

ಕಣಗಿಲೆ ಈಗ ನನ್ನ ಎದೆಯ ಎತ್ತರಕ್ಕಿದೆ. ಅಕ್ಕ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕುಳಿತು ನಾನು ಅದಕ್ಕೆ ನೀರು ಹಾಕುವುದನ್ನು ನೋಡುತ್ತಾಳೆ. ಮೊದಲ ಮೊಗ್ಗು ಬಂದಿದೆ, ಬಣ್ಣ ಇನ್ನೂ ಕಾಣುವುದಿಲ್ಲ. ಬೇಕಾಗುತ್ತದೆಂದು ಬಾಳೆನಾರು ತಂದು ನೆನೆಸಿ ಹಳೆ ಪೇಪರಿಗೆ ಕಟ್ಟಿ ನೋಡುತ್ತಿರುತ್ತೇನೆ. ಗಂಟು ನಿಲ್ಲುತ್ತದೆ, ಆ ಕರುವಿನ ಕಿವಿ ಬರುವುದಿಲ್ಲ. ಬಚ್ಚಲಿನ ಬಾಗಿಲಿನ ಒಳಮೈಯಲ್ಲಿ ಸ್ಕ್ರೂ ತೂತುಗಳು ಹಾಗೇ ಇವೆ. ಚಿಲಕ ಇನ್ನೂ ಬಂದಿಲ್ಲ.